ಗುಟುಕು ಉಗುಳುವ ಉದ್ಯೋಗ

ಹುಬ್ಬಳ್ಳಿ–ಧಾರವಾಡದ ನಡುವಿನ ಸತ್ತೂರ ಎಂದರೆ ಜನಕ್ಕೆ ಥಟ್ಟನೆ ನೆನಪಾಗುವುದು ಎಸ್‌ಡಿಎಂ ಆಸ್ಪತ್ರೆ, ಜೊತೆಗೆ ಅಲ್ಲಿನ ದಂತ ಕಾಲೇಜು. ವೈನ್ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರ ಪಾಡು ತಿಳಿಯಬೇಕಾದರೆ ದ್ರಾಕ್ಷಿ ತೋಟಕ್ಕಿಂತ ಇಂಥ ಹಲ್ಲಿನ ಆಸ್ಪತ್ರೆಯೇ ಸರಿಯಾದ ಜಾಗ. ದೊಡ್ಡ ಸ್ಪರ್ಧೆಗಳಲ್ಲಿ ತೀರ್ಪುಗಾರರು ದಿನವಿಡೀ ಹತ್ತಾರು ವೈನ್‌ಗಳನ್ನು ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಉಗುಳಿದರೆ ಅಮಲು ಬಹುಪಾಲು ತಪ್ಪುತ್ತದೆ, ಹುಳಿ ತಪ್ಪುವುದಿಲ್ಲ. ವೈನಿನ ಪಿಎಚ್ 3ರಿಂದ 4ರ ಆಸುಪಾಸು. ಹಲ್ಲಿನ ಎನಾಮಲ್ ಸುಮಾರು 5.5ಕ್ಕಿಂತ ಕೆಳಗೇ ಕರಗತೊಡಗುತ್ತದೆ. ಜೊಲ್ಲು ಆ ಹುಳಿಯನ್ನು ತೊಳೆದು ಹಲ್ಲಿಗೆ ಖನಿಜ ಮರಳಿಸುವಷ್ಟರಲ್ಲಿ ಮುಂದಿನ ಗ್ಲಾಸು ಬಂದಿರುತ್ತದೆ. ಮೆತ್ತಗಾದ ಹಲ್ಲಿನ ಮೇಲೆ ಆಗಲೇ ಬ್ರಶ್ ಆಡಿಸಿದರಂತೂ ಸವೆತ ಇನ್ನೂ ಹೆಚ್ಚು.

ಜೊಲ್ಲಿಗೆ ಇನ್ನೊಂದು ಕಾಟವಿದೆ. ಕೆಂಪು ವೈನಿಗೆ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಟ್ಯಾನಿನ್ ಇಳಿದಿರುತ್ತದೆ. ಅದು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಗರಣೆಗಟ್ಟಿಸುತ್ತದೆ. ಬಾಯಿಯ ಜಾರುಗುಣ ಹೋಗಿ ನಾಲಿಗೆ ಒರಟಾಗುತ್ತದೆ. ಒಗರು ಎನ್ನುವುದು ಇದನ್ನೇ. ಚಹಾಕ್ಕೆ ಹಾಲು ಬಿದ್ದೊಡನೆ ಒಗರು ತಗ್ಗುವುದು ಟ್ಯಾನಿನ್ ಹಾಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ. ಗುಟುಕಿನ ಮೇಲೆ ಗುಟುಕು ಬಿದ್ದಂತೆ ಒಗರು ಏರುತ್ತಲೇ ಹೋಗುತ್ತದೆ. ನಡುವೆ ನೀರು, ಬ್ರೆಡ್ಡಿನ ಚೂರು, ಒಂದಿಷ್ಟು ಬಿಡುವು ಸಿಗದಿದ್ದರೆ ಹತ್ತನೆಯ ವೈನಿಗೆ ಅನ್ಯಾಯ ಖಂಡಿತ.

ಇಷ್ಟಾದರೂ ಈ ಕಸುಬಿಗೆ ಜನ ಒಲಿಯುವುದು ಮೂಗಿನ ಸುಖಕ್ಕೆ. ವೈನನ್ನು ಬಾಯಲ್ಲಿಟ್ಟುಕೊಂಡು ಸೊರ್ರೆಂದು ಗಾಳಿ ಎಳೆದಾಗ ಪರಿಮಳ ಗಂಟಲ ಹಿಂಬದಿಯಿಂದ ಮೂಗಿಗೇರುತ್ತದೆ. ನಾವು ರುಚಿ ಅಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಇದೇ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನೇ ನೋಡಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಇದಕ್ಕೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದರ ಗಾಢ ಕಂಪಿಗೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್, ಮಲ್ಲಿಗೆಯಲ್ಲೂ ಇರುವ ಅಣು. ಫ್ರೆಂಚ್ ತಳಿಗಳಲ್ಲಿ ಪಳಗಿದವರು ಇದಕ್ಕೆ ಮೂಗು ಮುರಿಯುತ್ತಾರೆ. ನನಗೇನೋ ಅದು ದ್ರಾಕ್ಷಿಯ ತಪ್ಪೆನಿಸುವುದಿಲ್ಲ.

ಮೂಗೂ ದಣಿಯುತ್ತದೆ. ಒಂದೇ ವಾಸನೆ ಬಡಿಯುತ್ತಿದ್ದರೆ ಗ್ರಾಹಕ ಕೋಶಗಳು ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ. ಅದಕ್ಕೇ ಕೆಲವರು ನಡುನಡುವೆ ತಮ್ಮದೇ ತೋಳು ಮೂಸಿ ಮೂಗನ್ನು ಸರಿಮಾಡಿಕೊಳ್ಳುವುದುಂಟು.

ಹಾಗಾದರೆ ತೀರ್ಪು ಎಷ್ಟು ಗಟ್ಟಿ? ಸ್ವತಃ ವೈನ್ ತಯಾರಿಸುವ ರಾಬರ್ಟ್ ಹಾಡ್ಜ್‌ಸನ್ ಕ್ಯಾಲಿಫೋರ್ನಿಯಾದ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ಮೂರು ಗ್ಲಾಸುಗಳಿಗೆ ಹಾಕಿಸಿ, ತೀರ್ಪುಗಾರರಿಗೆ ಗೊತ್ತಾಗದಂತೆ ಸಾಲಿನಲ್ಲಿ ಸೇರಿಸಿದ. 2008ರಲ್ಲಿ ಫಲಿತಾಂಶ ಪ್ರಕಟಿಸಿದ. ಮೂರಕ್ಕೂ ಒಂದೇ ಪದಕದ ಮಟ್ಟದ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಇನ್ನೂ ಅಷ್ಟೇ ಮಂದಿ ಅದೇ ವೈನಿಗೆ ಒಮ್ಮೆ ಕಂಚು, ಇನ್ನೊಮ್ಮೆ ಚಿನ್ನ ಕೊಟ್ಟಿದ್ದರು.