ಅಣೆಕಟ್ಟು ಒಡೆದರು, ಮೀನು ಮನೆಗೆ ಬಂತು

ಹಿಮದ ಬೆಟ್ಟ, ಮಳೆಕಾಡು, ಸಮುದ್ರದ ದಂಡೆ ಮೂರನ್ನೂ ಒಂದೇ ಉದ್ಯಾನದಲ್ಲಿ ನೋಡಬೇಕೆ ಮಕ್ಕಳೇ? ಹಾಗಾದರೆ ಅಮೆರಿಕದ ವಾಯವ್ಯ ಮೂಲೆಗೆ, ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕು. ಹೆಸರು ಕೇಳಿ ಓಟದ ಪಂದ್ಯ ನೆನಪಾದರೆ ತಪ್ಪಿಲ್ಲ. ಆದರೆ ಈ ಹೆಸರು ಬಂದದ್ದು ಅಲ್ಲಿನ 2,432 ಮೀಟರ್ ಎತ್ತರದ ಒಲಿಂಪಸ್ ಶಿಖರದಿಂದ. 1938ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಸಿಯಾಟಲ್‌ನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗುವ ನಮ್ಮ ಅಜ್ಜ-ಅಜ್ಜಿಯರಿಗೆ ಇದು ಕೆಲವೇ ಗಂಟೆಗಳ ದಾರಿ.

ಮಂಡಿನೋವಿನವರೂ ಬೆಟ್ಟ ನೋಡಬಹುದು. ಹರಿಕೇನ್ ರಿಡ್ಜ್ ಎಂಬಲ್ಲಿಗೆ, ಸುಮಾರು 1,600 ಮೀಟರ್ ಎತ್ತರಕ್ಕೆ, ಕಾರೇ ಹೋಗುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲುಗಾವಲಲ್ಲಿ ಅಳಿಲಿನ ಬಳಗದ, ಆದರೆ ಬೆಕ್ಕಿನಷ್ಟು ದಪ್ಪದ ಒಂದು ಪ್ರಾಣಿ ಬಿಸಿಲು ಕಾಯಿಸುತ್ತಿರುತ್ತದೆ. ಅದೇ ಒಲಿಂಪಿಕ್ ಮಾರ್ಮಟ್. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ವರ್ಷದಲ್ಲಿ ಏಳೆಂಟು ತಿಂಗಳು ಬಿಲದಲ್ಲಿ ನಿದ್ದೆ!

ಪಶ್ಚಿಮಕ್ಕಿರುವ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಗುಂಬೆಯವರು 'ಇಷ್ಟೇನಾ?' ಅಂದಾರು, ಅಲ್ಲಿ ಇದರ ಎರಡರಷ್ಟು ಸುರಿಯುತ್ತದೆ. ಆದರೆ ಇದು ಚಳಿನಾಡಿನ ಮಳೆಕಾಡು. ಕೊಂಬೆಕೊಂಬೆಗೂ ಹಸಿರು ಪಾಚಿ ಜೋತುಬಿದ್ದಿರುತ್ತದೆ. ಉರುಳಿಬಿದ್ದ ಮುದಿಮರದ ಮೈಮೇಲೆ ಎಳೆ ಸಸಿಗಳು ಸಾಲಾಗಿ ಬೆಳೆಯುತ್ತವೆ, ಅಜ್ಜಿಯ ಬೆನ್ನೇರಿದ ಮೊಮ್ಮಕ್ಕಳ ಹಾಗೆ. ಅಲ್ಲಿನವರು ಅದನ್ನು 'ದಾದಿ ಮರ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಸಮುದ್ರದ ದಂಡೆ 110 ಕಿಲೋಮೀಟರಿಗೂ ಉದ್ದ. ಭರತದ ವೇಳೆ ತಿಳಿದುಕೊಂಡೇ ಇಳಿಯಬೇಕು. ಅಲೆ ಎತ್ತಿ ತಂದ ದೊಡ್ಡ ದಿಮ್ಮಿಗಳು ಜೀವಕ್ಕೇ ಅಪಾಯ.

ಬೆಟ್ಟ, ಕಾಡು, ಕಡಲುಗಳನ್ನು ಒಂದು ಮೀನು ಹೊಲಿದಿದೆ ಎಂದರೆ ನಂಬುತ್ತೀರಾ? ಸಾಲ್ಮನ್ ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಸಮುದ್ರದಲ್ಲಿ. ಕೆಲವು ವರ್ಷಗಳ ಮೇಲೆ ಹುಟ್ಟೂರಿನ ನೀರಿನ ವಾಸನೆ ಹಿಡಿದು, ಪ್ರವಾಹದ ಎದುರು ಈಜಿ ಬಂದು ಮೊಟ್ಟೆಯಿಡುತ್ತದೆ. ಹೆಚ್ಚಿನವು ಅಲ್ಲೇ ಸಾಯುತ್ತವೆ. ಕರಡಿ, ನೀರುನಾಯಿ, ಹದ್ದುಗಳು ಅವನ್ನು ಎಳೆದೊಯ್ದು ತಿಂದು ಬಿಟ್ಟದ್ದು ಮರಗಳಿಗೆ ಗೊಬ್ಬರ.

ಉದ್ಯಾನದ ಬೆಟ್ಟಗಳಲ್ಲಿ ಹುಟ್ಟುವ ಎಲ್ವಾ ನದಿಗೆ ವಿದ್ಯುತ್ತಿಗಾಗಿ 1913ರಲ್ಲಿ ಒಂದು, 1927ರಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿದರು. ಮೀನು ಹತ್ತಲು ದಾರಿಯನ್ನೇ ಬಿಡಲಿಲ್ಲ. ಸಾಲ್ಮನ್‌ಗೆ ಉಳಿದದ್ದು ಕೆಳಗಿನ ಎಂಟು ಕಿಲೋಮೀಟರ್ ಮಾತ್ರ. ನದಿಯನ್ನೇ ನಂಬಿದ್ದ ಕ್ಲಾಲಂ ಮೂಲನಿವಾಸಿಗಳ ಊಟದ ಮೀನು ಕೈತಪ್ಪಿತು. ತಮ್ಮ ಜನಾಂಗ ಹುಟ್ಟಿದ ಪವಿತ್ರ ಜಾಗವೆಂದು ಅವರ ಹಿರಿಯರು ಹೇಳುತ್ತಿದ್ದ ಬಂಡೆಯೂ ನೀರಿನಡಿ ಮುಳುಗಿತು.

ದಶಕಗಳ ಒತ್ತಾಯದ ನಂತರ 2011ರಲ್ಲಿ ಎರಡೂ ಕಟ್ಟೆಗಳನ್ನು ಸ್ವಲ್ಪಸ್ವಲ್ಪವೇ ಕೆಡವತೊಡಗಿ 2014ರಲ್ಲಿ ಮುಗಿಸಿದರು. ದೊಡ್ಡದು 64 ಮೀಟರ್ ಎತ್ತರದ್ದು! ಕಟ್ಟುವುದಷ್ಟೇ ಅಲ್ಲ, ಕೆಡವುವುದೂ ಎಂಜಿನಿಯರಿಂಗೇ. ಹೂಳು ಹರಿದು ಅಳಿವೆಯಲ್ಲಿ ಹೊಸ ಮರಳದಂಡೆ ಎದ್ದಿತು. ನೀರು ಇಳಿದಾಗ ಕತೆಯಲ್ಲಷ್ಟೇ ಕೇಳಿದ್ದ ಆ ಬಂಡೆ ಕಣ್ಣಿಗೆ ಬಿತ್ತು. ಸಾಲ್ಮನ್ ಮೇಲಿನ ಹೊಳೆಗಳಿಗೆ ಮತ್ತೆ ಹತ್ತಿದವು.

ಆದರೂ ಕ್ಲಾಲಂ ಜನ ಅವಸರಪಡಲಿಲ್ಲ. ಮೀನು ಹೆಚ್ಚಲೆಂದು ಬಲೆ, ಗಾಳ ಎರಡನ್ನೂ ದೂರವಿಟ್ಟು ಕಾದರು. 2023ರ ಅಕ್ಟೋಬರಿನಲ್ಲಿ, ಕಟ್ಟೆಗಳಿಲ್ಲದ ಎಲ್ವಾದಲ್ಲಿ ಅವರು ಮೊದಲ ಬಾರಿಗೆ ತಮ್ಮ ಮನೆಯ ಊಟಕ್ಕೆ ಮೀನು ಹಿಡಿದರು.