ಕಲ್ಲಚ್ಚಿನಿಂದ ಮೊಬೈಲಿಗೆ: ಕನ್ನಡ ಬ್ಲಾಗಿನ ಏಳುಬೀಳು

ಸಂಜೆಯ ಹೊತ್ತು ವಿಜಯನಗರದ ನಿಲ್ದಾಣದಲ್ಲಿ ಕೆಂಗೇರಿ ಕಡೆಯ ಮೆಟ್ರೊ ಹತ್ತುವವರ ಕೈಯಲ್ಲಿ ಪತ್ರಿಕೆ ಕಾಣುವುದು ಈಗ ಅಪರೂಪ. ಆದರೆ ಅಂಗೈಯಗಲದ ಮೊಬೈಲಿನಲ್ಲಿ ಕನ್ನಡ ಓದುತ್ತ ನಿಂತವರು ಪ್ರತಿ ಬೋಗಿಯಲ್ಲೂ ಸಿಗುತ್ತಾರೆ. ಸುದ್ದಿ, ಕಥೆ, ಅಡುಗೆಯ ವಿಧಾನ, ಹಳೆಯ ಗೆಳೆಯನ ಹರಟೆ ಎಲ್ಲವೂ ಒತ್ತಕ್ಷರ, ದೀರ್ಘ, ಕೊಂಬು ಸಮೇತ ಸರಿಯಾಗಿ ಮೂಡುತ್ತವೆ. ಕೆಂಗೇರಿಯವರೆಗೆ ಮೆಟ್ರೊ ಬಂದದ್ದು 2021ರಲ್ಲಿ. ಅದಕ್ಕೆ ಹತ್ತು ಹನ್ನೊಂದು ವರ್ಷ ಮೊದಲು ಇದೇ ಮೈಸೂರು ರಸ್ತೆಯಲ್ಲಿ ಬಸ್ಸಿನ ಸರಳು ಹಿಡಿದು ನಿಂತವನು ತನ್ನ ಮೊಬೈಲಿನಲ್ಲಿ ಕನ್ನಡದ ಪುಟವೊಂದನ್ನು ತೆರೆದಿದ್ದರೆ ಕಾಣುತ್ತಿದ್ದುದು ಸಾಲುಸಾಲು ಖಾಲಿ ಚೌಕಗಳು. ಅಕ್ಷರ ಕಂಡರೂ ‘ಅಕ್ಕ’ ಎಂಬಲ್ಲಿ ಎರಡು ಕಕಾರಗಳು ಅಕ್ಕಪಕ್ಕ ಬಿಡಿಬಿಡಿಯಾಗಿ ಕೂತಿರುತ್ತಿದ್ದವು.

ಕನ್ನಡದಲ್ಲಿ ಬ್ಲಾಗು ಬರೆಯುತ್ತಿದ್ದವರು ಏಕೆ ಬರೆದರು, ಏಕೆ ನಿಲ್ಲಿಸಿದರು ಎಂಬ ಪ್ರಶ್ನೆ ಬಂದಾಗಲೆಲ್ಲ ಉತ್ತರವನ್ನು ಮನಸ್ಸಿನಲ್ಲಿ ಹುಡುಕುವುದು ರೂಢಿ. ಉತ್ಸಾಹ ಇಳಿಯಿತು, ಸಂಸಾರ ಬೆಳೆಯಿತು, ಕೆಲಸ ಹೆಚ್ಚಿತು ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಬರೆಯುವವನ ಉತ್ಸಾಹಕ್ಕೂ ಅವನ ಅಕ್ಷರ ಓದುಗನ ತನಕ ಒಡೆಯದೆ ತಲುಪುತ್ತದೆಯೇ ಎಂಬುದಕ್ಕೂ ಇರುವ ನಂಟನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಇಂಗ್ಲಿಷಿನ ಬ್ಲಾಗಿಗನಿಗೆ ಈ ಚಿಂತೆ ಇರಲೇ ಇಲ್ಲ. ಕನ್ನಡದವನಿಗೆ ಅದೇ ಮೊದಲ ಚಿಂತೆಯಾಗಿತ್ತು.

ತೊಡಕು ಎಲ್ಲಿತ್ತು? ‘ಕನ್ನಡ’ ಎಂಬ ಪದವನ್ನೇ ನೋಡಬಹುದು. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಗಣಕದ ಸ್ಮೃತಿಯಲ್ಲಿ ಇರುವುದು ಐದು ಸಂಕೇತ: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಕೊನೆಗೆ ಡ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಒತ್ತುವುದೂ ಐದೇ ಕೀಲಿ. ನಡುವಿನ ಅರ್ಧಾಕ್ಷರಕ್ಕೆ ಎಫ್ ಕೀಲಿ. ಈ ಐದು ಸಂಕೇತಗಳನ್ನು ಓದಿ, ಎರಡನೆಯ ನಕಾರವನ್ನು ಒತ್ತಾಗಿ ಮಾಡಿ ಮೊದಲನೆಯದರ ಕೆಳಗೆ ಕೂರಿಸುವ ಕೆಲಸ ಪರದೆಯ ಹಿಂದೆ ನಡೆಯಬೇಕು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಮಾಡುತ್ತಿದ್ದ ಕೆಲಸವೇ ಇದು. ಬ್ರೌಸರಿನೊಳಗೆ ಅಥವಾ ಕಾರ್ಯಾಚರಣ ವ್ಯವಸ್ಥೆಯೊಳಗೆ ಅಂಥ ಒಬ್ಬ ಮೊಳೆ ಜೋಡಿಸುವವ ಇರಬೇಕು, ಅವನಿಗೆ ಕನ್ನಡ ಗೊತ್ತಿರಬೇಕು. ಅವನ ಕೈಗೆ ಕನ್ನಡದ ಮೊಳೆಗಳು, ಅಂದರೆ ಫಾಂಟು, ಸಿಗಬೇಕು. ಮೊಳೆಯೇ ಇಲ್ಲದಿದ್ದರೆ ಚೌಕ. ಮೊಳೆಯಿದ್ದು ಜೋಡಿಸುವವನಿಗೆ ಕನ್ನಡ ಬಾರದಿದ್ದರೆ ಒಡೆದ ಒತ್ತಕ್ಷರ.

1993ರ ಮೊಸಾಯಿಕ್, ಮರುವರ್ಷದ ನೆಟ್‌ಸ್ಕೇಪ್ ಮುಂತಾದ ಮೊದಲ ಬ್ರೌಸರುಗಳ ಒಳಗೆ ಇಂಥವನು ಇರಲಿಲ್ಲ. ಆದ್ದರಿಂದ ಕನ್ನಡದ ಮೊದಲ ಸಾಹಸಿಗಳು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ ಫಾಂಟು ಮಾಡಿದರೆ, ಗಣಕ ತಾನು ಇಂಗ್ಲಿಷ್ ತೋರಿಸುತ್ತಿದ್ದೇನೆಂದುಕೊಂಡೇ ಕನ್ನಡ ತೋರಿಸುತ್ತದೆ. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ ಆರಂಭವಾದಾಗ ಇದ್ದ ದಾರಿ ಇದೊಂದೇ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಬರೆಯುವವರ ಕಷ್ಟವನ್ನು ಬಹುಮಟ್ಟಿಗೆ ನೀಗಿದವು. ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದ ಬೆನ್ನು ಹತ್ತಿದ್ದೂ ಈ ಕಾಲದ ಮಾತು. ಆದರೆ ಓದುವವನ ಕಷ್ಟ ಹಾಗೆಯೇ ಉಳಿಯಿತು. ಬರೆದವನ ಫಾಂಟೇ ಓದುವವನ ಗಣಕದಲ್ಲೂ ಇರಬೇಕು. ಇಲ್ಲದಿದ್ದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ಕಲಸುಮೇಲೋಗರ.

ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ತೆಗೆದಿಟ್ಟಿತ್ತು. ನಿವೇಶನವೇನೋ ಮಂಜೂರಾಯಿತು, ಮನೆ ಕಟ್ಟಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಂದಿಗೆ ಬಂತು. ಅಲ್ಲೂ ಒಂದು ಕೊಕ್ಕೆ. ಕನ್ನಡದಂಥ ಲಿಪಿಗಳ ಜೋಡಣೆ ಬೇಕೆಂದರೆ ಭಾಷೆಯ ಆಯ್ಕೆಗಳೊಳಗೆ ಹೋಗಿ ಒಂದು ಚೌಕದಲ್ಲಿ ಗುರುತು ಹಾಕಬೇಕಿತ್ತು, ಆಗ ಗಣಕ ವಿಂಡೋಸಿನ ಮೂಲ ಸಿ.ಡಿ. ಕೇಳುತ್ತಿತ್ತು. ರಾಜಾಜಿನಗರದ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಕೂತವನಿಗೆ ಆ ಸಿ.ಡಿ. ಎಲ್ಲಿಂದ ಬರಬೇಕು? ಹೀಗಾಗಿ ಆ ದಿನಗಳ ಕನ್ನಡ ಬ್ಲಾಗುಗಳ ಮೂಲೆಯಲ್ಲಿ ‘ಕನ್ನಡ ಕಾಣಿಸುತ್ತಿಲ್ಲವೇ?’ ಎಂಬ ಕೊಂಡಿಯೊಂದು ಇರುತ್ತಿದ್ದುದು ಸಾಮಾನ್ಯ. ಕನ್ನಡ ಕಾಣದವನು ಆ ಕನ್ನಡದ ಪ್ರಶ್ನೆಯನ್ನು ಹೇಗೆ ಓದಬೇಕೆಂದು ಅನೇಕರಿಗೆ ತಡವಾಗಿ ಹೊಳೆಯಿತು!

ಇಷ್ಟೆಲ್ಲ ಅಡ್ಡಿಯ ನಡುವೆಯೂ ಬೆಳೆ ಬಂತು ಎಂಬುದೇ ಸೋಜಿಗ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ವನ್ನು ಹುಟ್ಟುಹಾಕಿದರು. ಜಿ.ಎನ್. ಮೋಹನ್ ಅವರ ‘ಅವಧಿ’, ಅಬ್ದುಲ್ ರಶೀದ್ ಅವರ ‘ಕೆಂಡಸಂಪಿಗೆ’, ಟಿ.ಜಿ. ಶ್ರೀನಿಧಿ ಅವರ ವಿಜ್ಞಾನ ತಾಣ ‘ಇಜ್ಞಾನ’ ಮುಂದಿನ ಎರಡು ಮೂರು ವರ್ಷಗಳ ಫಸಲು. ಇವುಗಳ ಸುತ್ತ ನೂರಾರು ಖಾಸಗಿ ಬ್ಲಾಗುಗಳು ತಲೆಯೆತ್ತಿದವು. ಬಸವೇಶ್ವರನಗರದ ಮನೆಯಿಂದ ಊರಿನ ಇನ್ನೊಂದು ತುದಿಯ ಕಚೇರಿಗೆ ದಿನಾ ಕಂಪೆನಿ ಬಸ್ಸಿನಲ್ಲಿ ಓಡಾಡುವ ತಂತ್ರಜ್ಞರು, ಸಂಪಾದಕರ ವಿಷಾದಪತ್ರಗಳಿಂದ ಬೇಸತ್ತ ಎಳೆಯ ಕವಿಗಳು, ಊರು ಬಿಟ್ಟು ಅಮೆರಿಕ, ಕೊಲ್ಲಿ ಸೇರಿದವರು, ಮಧ್ಯಾಹ್ನದ ಹೊತ್ತು ಬಿಡುವಾಗುತ್ತಿದ್ದ ಗೃಹಿಣಿಯರು ಬರೆಯತೊಡಗಿದರು. ಸಂಭಾವನೆ ಇಲ್ಲ. ಓದುಗರು ಹತ್ತೋ ಇಪ್ಪತ್ತೋ. ಆದರೆ ರಾತ್ರಿ ಬರೆದದ್ದಕ್ಕೆ ಬೆಳಗಾಗುವುದರೊಳಗೆ ಯಾರೋ ಇಬ್ಬರು ಉತ್ತರಿಸಿರುತ್ತಿದ್ದರು. ಆ ಇಬ್ಬರಿಗಾಗಿ ಮುಂದಿನ ವಾರದ ಬರಹ ಹುಟ್ಟುತ್ತಿತ್ತು. ಫಾಂಟು, ಸಿ.ಡಿ., ಕೀಲಿಮಣೆಗಳ ತೊಡಕನ್ನೆಲ್ಲ ದಾಟಿ ಬಂದ ಓದುಗ ಎಂಬ ಕಾರಣಕ್ಕೇ ಅವನ ಬೆಲೆ ಹೆಚ್ಚು.

ಅಷ್ಟರಲ್ಲಿ ಓದುಗ ಮೇಜಿನ ಗಣಕ ಬಿಟ್ಟು ಮೊಬೈಲಿಗೆ ಹೊರಟಿದ್ದ. ಅಲ್ಲಿ ಕನ್ನಡದ ಕಥೆ ಮತ್ತೆ ಮೊದಲಿನಿಂದ. ಫೋನಿನೊಳಗೆ ಮೊಳೆಯೂ ಇಲ್ಲ, ಜೋಡಿಸುವವನೂ ಇಲ್ಲ. ಈ ಸಂಕಟದಲ್ಲಿ ನೆರವಿಗೆ ಬಂದದ್ದು ನಾರ್ವೆ ದೇಶದ ಒಂದು ಪುಟ್ಟ ಬ್ರೌಸರು, ಒಪೆರಾ ಮಿನಿ. ಪುಟವನ್ನು ಇದು ಮೊದಲು ತನ್ನ ದೂರದ ಗಣಕಕ್ಕೆ ತರಿಸಿಕೊಂಡು, ಕುಗ್ಗಿಸಿ, ಆಮೇಲೆ ಫೋನಿಗೆ ಕಳುಹಿಸುತ್ತಿತ್ತು. ಅದರ ಒಳಗುಟ್ಟಿನ ಆಯ್ಕೆಗಳ ಪುಟದಲ್ಲಿ, ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ಕಳುಹಿಸಬೇಕೇ ಎಂಬ ಪ್ರಶ್ನೆಯೊಂದಿತ್ತು. ಹೌದು ಎಂದು ಆರಿಸಿದರೆ ಅಕ್ಷರ ಜೋಡಣೆ ಆ ದೂರದ ಗಣಕದಲ್ಲೇ ಮುಗಿದು, ಫೋನಿಗೆ ಬರುತ್ತಿದ್ದುದು ಅಕ್ಷರಗಳ ಚಿತ್ರ. ಫೋನಿಗೆ ಕನ್ನಡ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಅದರ ಪಾಲಿಗೆ ಅದು ಮರವೋ ಮನೆಯೋ ಎಂಬಂತೆ ಒಂದು ಚಿತ್ರ ಅಷ್ಟೆ. ಅಕ್ಷರ ತುಸು ಮಸುಕು, ಹಿಗ್ಗಿಸಿದರೆ ಅಂಚು ಒರಟು, ನಕಲು ತೆಗೆಯುವಂತಿಲ್ಲ. ಆದರೂ ಈ ಗುಟ್ಟು ಕಿವಿಯಿಂದ ಕಿವಿಗೆ ಹಬ್ಬಿತು. ಕನ್ನಡದ ಓದು ಬಸ್ಸಿಗೆ ಹತ್ತಿದ್ದು ಹೀಗೆ.

ಕನ್ನಡಕ್ಕೆ ಈ ಉಪಾಯ ಹೊಸದಲ್ಲ. ಮೊಳೆಗಳಲ್ಲಿ ಅಚ್ಚಾದ ವಿಲಿಯಂ ಕ್ಯಾರಿಯ ಕನ್ನಡ ವ್ಯಾಕರಣ 1817ರಲ್ಲೇ ದೂರದ ಸೆರಾಂಪುರದಿಂದ ಹೊರಬಂದಿತ್ತು. ಆದರೂ 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಬಾಸೆಲ್ ಮಿಶನ್ನಿನ ಅಚ್ಚುಕೂಟ ನೆಚ್ಚಿದ್ದು ಕಲ್ಲಚ್ಚನ್ನು. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದ ಬರಹವನ್ನು ನುಣುಪು ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಮಸಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಮೊಳೆ ಬೇಡ, ಜೋಡಿಸುವ ಗೋಜಲಿಲ್ಲ, ಒತ್ತಕ್ಷರದ ತಕರಾರಿಲ್ಲ. ಕಲ್ಲಿನ ಪಾಲಿಗೂ ಕನ್ನಡವೆಂದರೆ ಒಂದು ಚಿತ್ರವೇ. ನೂರ ಅರವತ್ತು ಚಿಲ್ಲರೆ ವರ್ಷಗಳ ಅಂತರದಲ್ಲಿ ಮಂಗಳೂರಿನ ಕಲ್ಲೂ ನಾರ್ವೆಯ ಬ್ರೌಸರೂ ಒಂದೇ ಅಡ್ಡಿಯನ್ನು ಒಂದೇ ಬಗೆಯಲ್ಲಿ ದಾಟಿದವು. ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಹೆಚ್ಚು ಕಾಲ ಬಾಳಲಿಲ್ಲ. ಆ ಅಲ್ಪಾಯುಷ್ಯದ ಪತ್ರಿಕೆಯ ಹುಟ್ಟಿದ ದಿನವೇ ಇಂದು ಕರ್ನಾಟಕದ ಪತ್ರಿಕಾ ದಿನ.

ಮೊಬೈಲಿಗೆ ನಿಜವಾದ ಕನ್ನಡ ಬಂದದ್ದು 2012ರಲ್ಲಿ. ಆ ವರ್ಷದ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡ, ತೆಲುಗು, ಮಲಯಾಳ ಲಿಪಿಗಳನ್ನು ತನ್ನದಾಗಿಸಿಕೊಂಡಿತು. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯೆಂದು ಒಪ್ಪಿದ್ದೂ ಅದೇ ವರ್ಷ. ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಮೂರರೊಳಗೂ ಅಕ್ಷರ ಜೋಡಿಸುತ್ತಿರುವುದು ‘ಹಾರ್ಫ್‌ಬಜ್’ ಎಂಬ ಒಂದೇ ಮುಕ್ತ ತಂತ್ರಾಂಶ. ಯಾರೂ ಹೆಸರು ಕೇಳದ ಈ ಮೊಳೆ ಜೋಡಿಸುವವನೇ ಮೆಟ್ರೊದಲ್ಲಿ ನಿಂತವನಿಗೆ ಕನ್ನಡ ಓದಿಸುತ್ತಿರುವುದು. ಕೆಲಸ ಎಷ್ಟು ನಾಜೂಕಿನದು ಎಂಬುದಕ್ಕೆ 2018ರ ಫೆಬ್ರುವರಿಯ ಘಟನೆಯೊಂದು ಸಾಕು: ನೆರೆಯ ತೆಲುಗಿನ ಒಂದೇ ಒಂದು ಸಂಯುಕ್ತಾಕ್ಷರವನ್ನು ತೋರಿಸಲು ಹೋಗಿ ಐಫೋನಿನ ತಂತ್ರಾಂಶಗಳು ಕುಸಿದುಬಿದ್ದವು.

ಅಕ್ಷರದ ದಾರಿ ಸುಗಮವಾಯಿತಲ್ಲ, ಬ್ಲಾಗು ಇನ್ನು ಬೆಳೆಯಬೇಕಿತ್ತು. ಆದದ್ದು ತಿರುಗುಮುರುಗು. ಕನ್ನಡ ಮೂಡತೊಡಗಿದ ಅದೇ ಮೊಬೈಲಿನಲ್ಲಿ ಫೇಸ್‌ಬುಕ್ ಇತ್ತು, ವಾಟ್ಸ್‌ಆ್ಯಪ್ ಇತ್ತು. ಬ್ಲಾಗಿನಲ್ಲಿ ಬೆಳಗಿನ ತನಕ ಕಾಯಬೇಕಿದ್ದ ಇಬ್ಬರು ಓದುಗರ ಜಾಗದಲ್ಲಿ ಐದು ನಿಮಿಷಕ್ಕೆ ಐವತ್ತು ಹೆಬ್ಬೆರಳು ಸಿಗುವಾಗ ಯಾರು ಕಾಯುತ್ತಾರೆ? ಬ್ಲಾಗುಗಳ ಹೊಸ ಬರಹಗಳನ್ನು ಒಂದೆಡೆ ಕಲೆಹಾಕಿ ಕೊಡುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತುಹೋಯಿತು. ಕಾಕತಾಳೀಯವೆಂದರೆ ಅದೂ ಜುಲೈ 1ರಂದು. ಎರಡು ಸಾವಿರ ಪದಗಳಲ್ಲಿ ಬರೆಯುತ್ತಿದ್ದವರು ಇನ್ನೂರಕ್ಕೆ ಇಳಿದರು. ಇವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಬರೆದವನು ಓದುಗನಿದ್ದಲ್ಲಿಗೆ ಹೋಗುತ್ತಾನೆ. ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ಅಲೆದು ಮಾರಿದ ಗಳಗನಾಥರು ಮಾಡಿದ್ದೂ ಅದನ್ನೇ.

ಆದರೂ ಕೆಲವರು ನಿಲ್ಲಿಸಲಿಲ್ಲ. ಹಾಗೆ ಉಳಿದವರಲ್ಲಿ ಹೆಚ್ಚಿನವರಿಗೆ ತಮ್ಮದೆಂಬ ಒಂದು ವಿಷಯವಿತ್ತು: ವಿಜ್ಞಾನ, ಹಕ್ಕಿಗಳು, ಶಾಸನ, ಅಡುಗೆ, ಒಂದೂರಿನ ಇತಿಹಾಸ. ಇಂಥವರಿಗೆ ಇಂದಿನ ಓದುಗ ಇಲ್ಲದಿದ್ದರೂ ಎಂದೋ ಹುಡುಕಿಕೊಂಡು ಬರುವ ಓದುಗನ ಮೇಲೆ ನಂಬಿಕೆಯಿರುತ್ತದೆ. ತನ್ನ ದಿನಚರಿಯನ್ನು ಮಾತ್ರ ಬರೆದುಕೊಳ್ಳುತ್ತಿದ್ದವನಿಗೆ ದಿನಚರಿ ಬೇಸರವಾದ ದಿನ ಬರೆಯಲು ಬೇರೇನೂ ಉಳಿಯಲಿಲ್ಲ. ಸಾಹಿತ್ಯದ ಕಿರುಪತ್ರಿಕೆಗಳನ್ನು ನಡೆಸಿದವರ ಅನುಭವವೂ ಇದಕ್ಕಿಂತ ಬೇರೆಯಲ್ಲ. 1964ರಲ್ಲಿ ಧಾರವಾಡದಲ್ಲಿ ಆರಂಭವಾದ ‘ಸಂಕ್ರಮಣ’ ದಶಕಗಳ ಕಾಲ ನಡೆದದ್ದು ಚಂದಾದಾರರ ಸಂಖ್ಯೆಯ ಬಲದಿಂದಲ್ಲ, ವಾದಿಸಲು ಅದಕ್ಕೊಂದು ಸಂಗತಿ ಇತ್ತು ಎಂಬ ಕಾರಣದಿಂದ.

ನಿಲ್ಲಿಸಿದವರ ಬರಹಗಳ ಗತಿಯೇನು? ಮುದ್ರಿತ ಪತ್ರಿಕೆ ನಿಂತರೂ ಹಳೆಯ ಸಂಚಿಕೆ ಯಾವುದೋ ಗ್ರಂಥಾಲಯದ ಕಪಾಟಿನಲ್ಲಿ, ಇಲ್ಲವೇ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲಿ ಉಳಿದಿರುತ್ತದೆ. ಬ್ಲಾಗು ನಿಂತಿರುವುದು ಪರರ ನೆಲದ ಮೇಲೆ. ಯಾಹೂ ತನ್ನ ಜಿಯೊಸಿಟೀಸನ್ನು 2009ರಲ್ಲಿ, ಗೂಗಲ್ ತನ್ನ ಆರ್ಕುಟ್ಟನ್ನು 2014ರಲ್ಲಿ ಮುಚ್ಚಿದಾಗ ಅಲ್ಲಿದ್ದ ಪುಟಗಳೂ ಹೋದವು. ಸ್ವಂತ ಹೆಸರಿನ ತಾಣ ಕಟ್ಟಿಕೊಂಡವರು ವರ್ಷದ ಬಾಡಿಗೆ ಕಟ್ಟಲು ಮರೆತರೆ ಆ ಹೆಸರು ಮತ್ಯಾರದೋ ಆಗುತ್ತದೆ. ಅಮೆರಿಕದ ಇಂಟರ್‌ನೆಟ್ ಆರ್ಕೈವ್ 1996ರಿಂದ ಜಾಲದ ಪುಟಗಳ ಪ್ರತಿ ತೆಗೆದಿಡುತ್ತ ಬಂದಿದೆ. ಅಳಿದುಹೋದ ಎಷ್ಟೋ ಪುಟಗಳು ಅಲ್ಲಿ ಸಿಗುತ್ತವೆ, ಆದರೆ ತಾಣದ ಹಳೆಯ ವಿಳಾಸ ಗೊತ್ತಿದ್ದರೆ ಹುಡುಕಾಟ ಸುಲಭ.

ಉಳಿದಿರುವುದನ್ನು ಹುಡುಕುವಾಗಲೂ ಒತ್ತಕ್ಷರದ ಹಳೆಯ ತಕರಾರು ಇಣುಕುತ್ತದೆ. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗುತ್ತದೆ. ‘ರ‍್ಯಾಂಕ್’ ಎನ್ನುವಾಗ ಹಾಗಾಗಕೂಡದು, ರಕಾರ ಇಡಿಯಾಗಿ ನಿಂತು ಯಕಾರ ಒತ್ತಾಗಬೇಕು. ಇವೆರಡನ್ನು ಬೇರ್ಪಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸಬೇಕು. ಅದನ್ನು ಅರ್ಧಾಕ್ಷರದ ಚಿಹ್ನೆಗೆ ಮೊದಲು ಇಟ್ಟವರುಂಟು, ಅನಂತರ ಇಟ್ಟವರುಂಟು, ಅದರ ಗೊಡವೆಗೇ ಹೋಗದೆ ಅರ್ಕಾವತ್ತಿನಲ್ಲೇ ಬರೆದವರೂ ಉಂಟು. ಓದುಗನಿಗೆ ಮೂರೂ ಒಂದೇ ಪದ. ಅಕ್ಷರಶಃ ಹೋಲಿಸಿ ಹುಡುಕುವ ಗಣಕಕ್ಕೆ ಅವು ಮೂರು ಬೇರೆ ಪದಗಳು. ಮಕ್ಕಳ ಪರೀಕ್ಷೆಯ ಕುರಿತು 2007ರಲ್ಲಿ ತಾನೇ ಬರೆದ ಬ್ಲಾಗನ್ನು ಹುಡುಕಲು ಹೊರಟ ಬಸವೇಶ್ವರನಗರದ ತಂದೆ ‘ರ‍್ಯಾಂಕ್’ ಎಂದು ಮೂರು ಬಗೆಯಲ್ಲಿ ಬರೆದು ನೋಡಬೇಕಾಗಬಹುದು.