ಫೋನ್ ಹೇಳಿದ್ದು ಗಿಡುಗ, ಕೊಂಬೆ ಮೇಲೆ ಭೀಮರಾಜ

ದಾಂಡೇಲಿ ಕಾಡಲ್ಲಿ ಫೋನ್ ಎತ್ತಿ ಹಿಡಿದರೆ ಸಾಕು, ಮರ್ಲಿನ್ ಆ್ಯಪ್ ಕೂಗು ಕೇಳಿ ಹಕ್ಕಿಗಳ ಹೆಸರು ಪಟಪಟ ತೋರಿಸುತ್ತೆ. 2021ರಲ್ಲಿ ಬಂದ ಸೌಲಭ್ಯ ಇದು. ಆದರೆ ಅದು ನಮ್ಮ ಹಾಗೆ ಕೇಳಿಸಿಕೊಳ್ಳಲ್ಲ. ದನಿಯನ್ನು ಸ್ಪೆಕ್ಟ್ರೋಗ್ರಾಮ್ ಅನ್ನೋ ಚಿತ್ರವಾಗಿಸಿ, ತಾನು ಕಲಿತ ಚಿತ್ರಗಳ ಜೊತೆ ತಾಳೆ ನೋಡುತ್ತೆ.

ಭೀಮರಾಜನ ಕಿತಾಪತಿ ಶುರುವಾಗೋದೇ ಇಲ್ಲಿ! ಬಾಲದ ತುದಿಗೆ ಎರಡು ಬಿಲ್ಲೆ ಇಳಿಬಿಟ್ಟ ಈ ಕರಿಹಕ್ಕಿ ಗಿಡುಗನ ಕೂಗನ್ನೂ ಅನುಕರಿಸುತ್ತೆ. ಪಳಗಿದ ಕಿವಿಗಳೇ ಮೋಸ ಹೋಗುವಾಗ ಆ್ಯಪ್ ಪಾಡೇನು?

ಆ್ಯಪ್‌ನ ತಪ್ಪು ಕ್ಷಮಿಸಬಹುದು. ಪರದೆ ತೋರಿಸಿದ್ದನ್ನೆಲ್ಲ ಕಣ್ಣುಮುಚ್ಚಿ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ತಾಣದ ಪಟ್ಟಿಗೆ ಏರಿಸುವ ನಮ್ಮ ಚಟ ಇದೆಯಲ್ಲ, ಅದನ್ನಲ್ಲ. ಆ ಮಾಹಿತಿ ಸಂಶೋಧನೆಗೆ ಹೋಗುತ್ತೆ. ಮೊದಲು ಹಕ್ಕಿಯನ್ನು ಹುಡುಕಿ ನೋಡಿ, ಆಮೇಲೆ ಪಟ್ಟಿಗೆ ಸೇರಿಸಿ.